ಶಾಲೆಯಿಂದ ಅಡುಗೆಮನೆಗೆ

ಚಿತ್ತಾಪುರ, ಸೇಡಂಗಳನ್ನೊಳಗೊಂಡ ಗುಲ್ಬರ್ಗ ಜಿಲ್ಲೆಗೆ ಟಿ.ವಿ. ಬಂದದ್ದು ಮನೆಯ ವಸ್ತುವಾಗಿ ಅಲ್ಲ, ಊರಿನ ವಸ್ತುವಾಗಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಮಕ್ಕಳ ಪಾಠಗಳು ಪ್ರಸಾರವಾದವು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಹಿಂದುಳಿದ ಸೀಮೆ ಇದೊಂದರಲ್ಲಾದರೂ ಮುಂದಿತ್ತು!

ಪೆಟ್ಟಿಗೆ ಇದ್ದದ್ದು ಶಾಲೆಯಂತಹ ಸಾರ್ವಜನಿಕ ಸ್ಥಳದಲ್ಲಿ. ಸಂಜೆಯ ಪ್ರಸಾರದ ಹೊತ್ತೇ ರೊಟ್ಟಿ ಬಡಿಯುವ ಹೊತ್ತು. ಶಿಶುಪಾಲನೆಯ ಮಾತು ಯಾರಿಗಾಗಿತ್ತೋ ಆ ತಾಯಂದಿರಿಗೆ ಒಲೆ ಬಿಟ್ಟು ಬರುವುದು ಸುಲಭವಿರಲಿಲ್ಲ. ನೋಡುಗರಲ್ಲಿ ಗಂಡಸರೇ ಹೆಚ್ಚು.

ಕಾಯಿಲೆಯಿಂದ ಕ್ರಿಸ್ತಜಯಂತಿಯ ಪೂಜೆಗೆ ಹೋಗಲಾಗದ ಅಸ್ಸಿಸಿಯ ಸಂತ ಕ್ಲಾರಾ ಅದನ್ನು ಮಲಗಿದಲ್ಲಿಂದಲೇ ಕಂಡರೆಂಬ ಸಂಪ್ರದಾಯವಿದೆ. ಆ ಕಾರಣಕ್ಕೇ ಜಗದ್ಗುರು ಹನ್ನೆರಡನೆಯ ಪಿಯುಸ್ 1958ರಲ್ಲಿ ಅವರನ್ನು ದೂರದರ್ಶನದ ಪಾಲಕಿಯೆಂದು ಸಾರಿದರು. ಅಡುಗೆಮನೆಯ ಟಿ.ವಿ.ಯನ್ನು ಕೆಲವರು ಗದರುತ್ತಾರೆ. ನನಗೆ ಅದು ತಾಯಂದಿರಿಗೆ ತಡವಾಗಿ ಸಂದ ಪಾಲೆನಿಸುತ್ತದೆ.