ಬೂದುಗಿಣಿಯ ಸಹವಾಸ

ಗಿಣಿ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಹಸುರು ಮೈ, ಕೆಂಪು ಕೊಕ್ಕು, ಗಂಡಾದರೆ ಕೊರಳಿಗೊಂದು ಗುಲಾಬಿ ಪಟ್ಟಿ. ಕಾದಂಬರಿಯ ಕಥೆ ಹೇಳಿದ ವೈಶಂಪಾಯನನಿಂದ ಹಿಡಿದು ರಸ್ತೆಬದಿಯಲ್ಲಿ ಶಾಸ್ತ್ರದ ಚೀಟಿ ಎತ್ತಿಕೊಡುವ ಗಿಣಿಯವರೆಗೆ ನಮ್ಮವೆಲ್ಲ ಈ ಬಣ್ಣದವೇ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮಹಾನಗರಗಳ ಫ್ಲ್ಯಾಟುಗಳಲ್ಲಿ ಬೇರೊಂದು ಗಿಣಿ ಕಾಣಿಸಿಕೊಳ್ಳುತ್ತಿದೆ: ಬೂದು ಮೈ, ಕಪ್ಪು ಕೊಕ್ಕು, ಕುಂಕುಮದಲ್ಲಿ ಅದ್ದಿ ತೆಗೆದಂಥ ಬಾಲ. ಮಾರುವವರೂ ಸಾಕುವವರೂ ಅದನ್ನು ‘ಆಫ್ರಿಕನ್ ಗ್ರೇ’ ಎಂದೇ ಕರೆಯುತ್ತಾರೆ. ಸಹವಾಸಕ್ಕೆಂದು ಮನುಷ್ಯ ಈ ಹಕ್ಕಿಯನ್ನು ಕಡಲು ದಾಟಿಸಿ ಮನೆಗೆ ತಂದುಕೊಂಡ ಕಥೆ ಐನೂರು ವರ್ಷದಷ್ಟು ಹಳೆಯದು. ಹಕ್ಕಿಗೆ ಸಿಕ್ಕಿದ ಸಹವಾಸ ಎಂಥದು ಎಂದು ಕೇಳುವವರು ಮಾತ್ರ ಬಹಳ ತಡವಾಗಿ ಬಂದರು.

ಮೊದಲು ಹೆಸರಿನ ಮಾತು. ಯುರೋಪು ಕೇಳಿದ ಮೊದಲ ಮಾತಿನ ಗಿಣಿ ಆಫ್ರಿಕದ್ದಲ್ಲ, ನಮ್ಮದು. ಕ್ರಿ.ಪೂ. ಐದನೆಯ ಶತಮಾನದ ಕೊನೆಯಲ್ಲಿ ಪರ್ಷಿಯದ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಕ್ಟೀಸಿಯಸ್, ಭಾರತದ ಭಾಷೆಯನ್ನು ಮನುಷ್ಯರಂತೆ ಆಡುವ, ಕಲಿಸಿದರೆ ಗ್ರೀಕನ್ನೂ ಆಡಬಲ್ಲ ಹಕ್ಕಿಯೊಂದರ ವಿಷಯ ಬರೆದಿಟ್ಟ. ಆಮೇಲೆ ರೋಮಿನ ಸಿರಿವಂತರು ಭಾರತದ ಹಸುರು ಗಿಣಿಗಳನ್ನು ತರಿಸಿಕೊಂಡು ಚಕ್ರವರ್ತಿಗೆ ಜಯಕಾರ ಹೇಳುವುದನ್ನು ಕಲಿಸಿದರು. ಅದರ ತಲೆ ಕೊಕ್ಕಿನಷ್ಟೇ ಗಟ್ಟಿ, ಆದ್ದರಿಂದ ಪಾಠ ಹೇಳುವಾಗ ಕಬ್ಬಿಣದ ಸಲಾಕೆಯಿಂದ ತಲೆಗೆ ಹೊಡೆಯಬೇಕು, ಇಲ್ಲವಾದರೆ ಪೆಟ್ಟು ತಾಗುವುದೇ ಇಲ್ಲ ಎಂದು ಪ್ಲಿನಿ ಬರೆದಿದ್ದಾನೆ. ನಮ್ಮ ಹಳೆಯ ಕೂಲಿಮಠಗಳ ಅಯ್ಯಗಳಿಗೆ ಈ ಪಂಡಿತ ತಕ್ಕ ಜೊತೆಯಾಗುತ್ತಿದ್ದ! ಈ ಭಾರತದ ಗಿಣಿಗೆ ಗ್ರೀಕರು ಇಟ್ಟ ಹೆಸರೇ ಲ್ಯಾಟಿನಿನಲ್ಲಿ ‘ಸಿಟಾಕಸ್’ ಎಂದಾಯಿತು. 1758ರಲ್ಲಿ ಲಿನೇಯಸ್ ಬೂದುಗಿಣಿಗೆ ‘ಸಿಟಾಕಸ್ ಎರಿಥಾಕಸ್’ ಎಂದು ನಾಮಕರಣ ಮಾಡಿದ. ಇಂದು ಆ ಕುಲನಾಮ ಉಳಿದಿರುವುದು ಆಫ್ರಿಕದ ಈ ಹಕ್ಕಿಗೆ. ಹೆಸರು ಕೊಟ್ಟ ನಮ್ಮ ಹಸುರು ಗಿಣಿ ಬೇರೆ ಕುಲಕ್ಕೆ ಸೇರಿಹೋಗಿದೆ.

ಬೂದುಗಿಣಿಯ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಮಳೆಕಾಡು. ಸುಮಾರು 33 ಸೆಂಟಿಮೀಟರ್ ಉದ್ದ, 400 ಗ್ರಾಮಿನ ಆಸುಪಾಸಿನ ತೂಕ. ತಾಳೆಯ ಜಾತಿಯ ಎಣ್ಣೆಮರದ ಹಣ್ಣೆಂದರೆ ಅದಕ್ಕೆ ಪ್ರಾಣ. ಮರದ ಪೊಟರೆಯಲ್ಲಿ ಮೂರೋ ನಾಲ್ಕೋ ಮೊಟ್ಟೆಯಿಟ್ಟು ಗಂಡುಹೆಣ್ಣು ಕೂಡಿ ಸಂಸಾರ ನಡೆಸುತ್ತವೆ. ಸಂಜೆಯಾದರೆ ನೂರಾರು ಹಕ್ಕಿಗಳು ಒಂದೇ ತೋಪಿಗೆ ಬಂದು ಸೇರಿ ಕತ್ತಲಾಗುವವರೆಗೆ ಗದ್ದಲವೆಬ್ಬಿಸುತ್ತವೆ. ಒಂಟಿಯಾಗಿರುವುದು ಅದರ ಜಾಯಮಾನವಲ್ಲ ಎಂಬ ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಆ ಸೀಮೆಯ ಜನಕ್ಕೂ ಈ ಹಕ್ಕಿಯ ಮೇಲೆ ಮೋಹವಿತ್ತು, ಆದರೆ ಬೇರೆ ಬಗೆಯದು. ಇಂದಿನ ನೈಜೀರಿಯದ ಯೊರೂಬಾ ಜನರಿಗೆ ಅದರ ಬಾಲದ ಕೆಂಪು ಗರಿ ಪವಿತ್ರ ವಸ್ತು, ಪಟ್ಟ ಪದವಿಗಳ ಗುರುತು. ಓಯೋ ರಾಜ್ಯದಲ್ಲಿ ಅರಸನ ಆಳ್ವಿಕೆ ಸಾಕೆನಿಸಿದರೆ ಮಂತ್ರಿಮಂಡಲದವರು ಅವನಿಗೆ ಬರಿಯ ಸೋರೆಬುರುಡೆಯನ್ನೋ ಗಿಣಿಯ ಮೊಟ್ಟೆಗಳನ್ನೋ ಕಳುಹಿಸುತ್ತಿದ್ದರಂತೆ. ಅದನ್ನು ಕಂಡ ಅರಸ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಬೇಕು. ಯೊರೂಬಾದಲ್ಲಿ ಗಿಣಿಗೆ ‘ಆಯೆಕೂಟೊ’ ಎಂಬ ಹೆಸರೂ ಉಂಟು. ಲೋಕಕ್ಕೆ ಸತ್ಯ ಬೇಡ ಎಂದು ಅದರ ಅರ್ಥ. ಕಂಡದ್ದನ್ನು ಕಂಡಂತೆ ಆಡುವ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಹೆಸರು ನಾವು ಬೇರೆಲ್ಲೂ ಕೇಳಿಲ್ಲ.

ಹದಿನೈದನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಗಿನಿ ತೀರಕ್ಕೆ ಬಂದವು. ಚಿನ್ನ, ದಂತ, ಆಮೇಲೆ ಮನುಷ್ಯರು. ಇವುಗಳ ಜೊತೆಗೆ ನಾವಿಕರ ಕೈಯಲ್ಲಿ ಬೂದುಗಿಣಿಯೂ ಯುರೋಪಿಗೆ ಹೊರಟಿತು. ಹಿಡಿಯುವ ವಿಧಾನ ಇಂದಿಗೂ ಹೆಚ್ಚು ಬದಲಾಗಿಲ್ಲ. ಪೊಟರೆಯಿಂದ ಮರಿಗಳನ್ನು ಎತ್ತುವುದು ಒಂದು ಕ್ರಮ. ಇನ್ನೊಂದು, ಪಳಗಿದ ಗಿಣಿಯೊಂದನ್ನು ಮರಕ್ಕೆ ಕಟ್ಟಿ, ಸುತ್ತಲಿನ ಕೊಂಬೆಗಳಿಗೆ ಅಂಟು ಸವರಿ ಕಾಯುವುದು. ಕಟ್ಟಿದ ಹಕ್ಕಿ ಕೂಗುತ್ತದೆ, ಆ ಕೂಗಿಗೆ ಓಗೊಟ್ಟು ಹಿಂಡು ಬಂದು ಇಳಿಯುತ್ತದೆ. ಒಡನಾಡಿಯ ದನಿ ಕೇಳಿದರೆ ಬಾರದೆ ಇರಲಾರದ ಗುಣವೇ ಅದಕ್ಕೆ ಉರುಳಾಯಿತು.

ಹೀಗೆ ಹೋದ ಗಿಣಿಗಳಲ್ಲಿ ಒಂದರ ದೇಹ ಇಂದಿಗೂ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಸಂಗ್ರಹದಲ್ಲಿದೆ. ಅದರ ಒಡತಿ ಫ್ರಾನ್ಸಿಸ್ ಸ್ಟುವರ್ಟ್, ಎರಡನೆಯ ಚಾರ್ಲ್ಸ್ ದೊರೆಯ ಆಸ್ಥಾನದ ಹೆಸರಾಂತ ಚೆಲುವೆ. ಪೋರ್ಚುಗಲ್ಲಿನಿಂದ ಬಂದ ರಾಣಿ ಕ್ಯಾಥರೀನಳ ಸಖಿಯಾಗಿದ್ದವಳು. ಮುಂಬಯಿಯ ಓದುಗರಿಗೆ ಈ ಕ್ಯಾಥರೀನಳನ್ನು ಪರಿಚಯಿಸಬೇಕಾಗಿಲ್ಲ; 1661ರ ಒಪ್ಪಂದದಂತೆ ಅವಳ ಬಳುವಳಿಯಾಗಿ ಇಂಗ್ಲಿಷರಿಗೆ ಸಂದದ್ದೇ ನಾವು ಲೋಕಲ್ಲಿಗೆ ಜೋತುಬೀಳುವ ಈ ಊರು. ದೊರೆ ಫ್ರಾನ್ಸಿಸಳ ಹಿಂದೆ ಬಿದ್ದ, ಅವಳು ಒಲಿಯಲಿಲ್ಲ. 1667ರಲ್ಲಿ ರಿಚ್ಮಂಡಿನ ಡ್ಯೂಕನೊಡನೆ ಓಡಿಹೋಗಿ ಮದುವೆಯಾದಳು. ಎರಡು ವರ್ಷದಲ್ಲಿ ಸಿಡುಬು ಬಂತು, 1672ರಲ್ಲಿ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಬ್ರಿಟನ್ನಿನ ನಾಣ್ಯಗಳ ಮೇಲೆ ಈಟಿ ಹಿಡಿದು ಕುಳಿತ ಬ್ರಿಟಾನಿಯಾ ದೇವಿಯ ಚಿತ್ರಕ್ಕೆ ಇವಳೇ ಮಾದರಿ ಎಂದು ಪ್ರತೀತಿ.

ಮುಂದಿನ ಮೂವತ್ತು ವರ್ಷದ ವೈಧವ್ಯದಲ್ಲಿ ಅವಳ ಜೊತೆಗಿದ್ದದ್ದು ಬೂದುಗಿಣಿ. ನಲವತ್ತು ವರ್ಷ ಅವಳ ಬಳಿ ಇತ್ತೆಂದೂ, 1702ರಲ್ಲಿ ಅವಳು ಸತ್ತ ಕೆಲವೇ ದಿನಗಳಲ್ಲಿ ತಾನೂ ಸತ್ತಿತೆಂದೂ ಹೇಳಿಕೆ. ಅವಳ ಮೇಣದ ಪ್ರತಿಮೆಯೊಂದಿಗೆ ಇಡಲೆಂದು ಹಕ್ಕಿಯ ಮೈಯಲ್ಲಿ ಹುರುಳು ತುಂಬಿ ಉಳಿಸಿದರು. ಹಾಗೆ ಉಳಿಸಿದ ಹಕ್ಕಿಗಳಲ್ಲಿ ಇಂದು ಜಗತ್ತಿನಲ್ಲಿರುವ ಅತ್ಯಂತ ಹಳೆಯವುಗಳಲ್ಲಿ ಇದೊಂದು ಎನ್ನುತ್ತಾರೆ. ಎಕ್ಸ್‌ರೇ ತೆಗೆದು ನೋಡಿದಾಗ ತಲೆಬುರುಡೆ ಸಹಿತ ಪೂರ್ತಿ ಎಲುಬುಗೂಡು ಒಳಗೇ ಇರುವುದು ಕಂಡಿತು. ಇದನ್ನು ಪ್ರೇಮಕಥೆಯಂತೆ ಓದುವವರೇ ಹೆಚ್ಚು. ನಮಗೆ ಮಾತ್ರ ಇನ್ನೊಂದು ಸಂಗತಿ ಮನಸ್ಸಿಗೆ ಬರುತ್ತದೆ. ಒಂದೇ ಮುಖವನ್ನು ತನ್ನ ಇಡೀ ಹಿಂಡೆಂದು ನಂಬಿ ನಲವತ್ತು ವರ್ಷ ಬಾಳಿದ ಹಕ್ಕಿಗೆ ಆ ಮುಖ ಮರೆಯಾದ ಮೇಲೆ ಉಳಿದದ್ದೇನು?

ಎಲ್ಲ ಗಿಣಿಗಳೂ ಹೀಗೆ ಹಿಂದೆಯೇ ಹೊರಡುವುದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಆಂಡ್ರೂ ಜಾಕ್ಸನ್ ಹೆಂಡತಿಗಾಗಿ ತಂದ ಬೂದುಗಿಣಿ ಪೋಲ್, ಹೆಂಡತಿ ಸತ್ತ ಮೇಲೂ ಇತ್ತು, 1845ರಲ್ಲಿ ಜಾಕ್ಸನ್ ಸತ್ತ ಮೇಲೂ ಇತ್ತು. ಶವಸಂಸ್ಕಾರಕ್ಕೆ ಜನ ನೆರೆದಿದ್ದಾಗ ಅದು ಹೊಲಸು ಬೈಗುಳಗಳ ಮಳೆ ಸುರಿಸಿದ್ದರಿಂದ ಹೊರಗೆ ಒಯ್ಯಬೇಕಾಯಿತೆಂದು ಅಲ್ಲಿದ್ದವರೊಬ್ಬರು ನೆನೆದಿದ್ದಾರೆ. ಬೈಗುಳ ಕಲಿಸಿದ ಗುರು ಯಾರೆಂದು ಊಹಿಸುವುದು ಕಷ್ಟವಲ್ಲ.

ಮಾತು ಬರುತ್ತದೆಂಬ ಒಂದೇ ಕಾರಣಕ್ಕೆ ಈ ಹಕ್ಕಿಗೆ ಬೆಲೆ ಬಂದದ್ದು. ಲಂಡನ್ನಿನ ವಾರ್ಷಿಕ ಪಂಜರಪಕ್ಷಿ ಪ್ರದರ್ಶನದಲ್ಲಿ ಪ್ರಡಲ್ ಎಂಬ ಬೂದುಗಿಣಿ 1965ರಿಂದ 1976ರವರೆಗೆ ಸತತ 12 ವರ್ಷ ಮಾತಿನ ಬಹುಮಾನ ಗೆದ್ದಿತು. ಸುಮಾರು 800 ಶಬ್ದಗಳು ಅದಕ್ಕೆ ಬರುತ್ತಿದ್ದವಂತೆ. ಆದರೂ ಪಂಡಿತರು ಒಪ್ಪಲಿಲ್ಲ. ಅರ್ಥವರಿಯದೆ ಒಪ್ಪಿಸುವುದಕ್ಕೆ ನಾವು ‘ಗಿಣಿಪಾಠ’ ಎನ್ನುವುದಿಲ್ಲವೆ? ಅವರ ಅಭಿಪ್ರಾಯವೂ ಅದೇ.

ಈ ಅಭಿಪ್ರಾಯವನ್ನು ಅಲುಗಿಸಿದವರು ಐರೀನ್ ಪೆಪ್ಪರ್‌ಬರ್ಗ್. ಹಾರ್ವರ್ಡಿನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದ ಆಕೆ 1977ರಲ್ಲಿ ಷಿಕಾಗೋದ ಅಂಗಡಿಯೊಂದರಲ್ಲಿ ಸುಮಾರು ಒಂದು ವರ್ಷದ ಗಿಣಿಯೊಂದನ್ನು ಕೊಂಡರು. ಜಾಣ ಹಕ್ಕಿಯನ್ನೇ ಹುಡುಕಿ ತಂದರೆಂದು ಯಾರೂ ಆಡಿಕೊಳ್ಳಬಾರದೆಂದು ಆಯ್ಕೆಯನ್ನು ಅಂಗಡಿಯವರಿಗೇ ಬಿಟ್ಟರು. ಅದಕ್ಕೆ ಅಲೆಕ್ಸ್ ಎಂದು ಹೆಸರಿಟ್ಟರು. ಕಲಿಸಿದ ಕ್ರಮ ಪ್ಲಿನಿಯ ಸಲಾಕೆಗೆ ತೀರ ವಿರುದ್ಧ. ಗಿಣಿಯ ಎದುರು ಇಬ್ಬರು ಕುಳಿತುಕೊಳ್ಳುತ್ತಾರೆ. ಒಬ್ಬರು ವಸ್ತು ತೋರಿಸಿ ಕೇಳುತ್ತಾರೆ, ಇನ್ನೊಬ್ಬರು ಹೆಸರು ಹೇಳಿ ಆ ವಸ್ತುವನ್ನೇ ಬಹುಮಾನವಾಗಿ ಪಡೆಯುತ್ತಾರೆ. ಕೆಲವೊಮ್ಮೆ ಬೇಕೆಂದೇ ತಪ್ಪು ಹೇಳಿ ಬೈಸಿಕೊಳ್ಳುತ್ತಾರೆ. ನೋಡುತ್ತಿರುವ ಗಿಣಿಗೆ ತನ್ನನ್ನು ಬಿಟ್ಟು ಏನೋ ನಡೆಯುತ್ತಿದೆಯಲ್ಲ ಎಂಬ ಚಡಪಡಿಕೆ. ಅದೂ ಮಾತಿಗೆ ಸೇರಿಕೊಳ್ಳುತ್ತದೆ. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಸಂಘದ ಸಭೆಗಳಲ್ಲಿ ಕೊರಗುವ ನಾವು, ಮಕ್ಕಳ ಎದುರು ಗಂಡಹೆಂಡಿರು ಯಾವ ಭಾಷೆಯಲ್ಲಿ ಮಾತನಾಡಿಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ಸ್ವಲ್ಪ ಯೋಚಿಸಬಹುದು.

ಅಲೆಕ್ಸ್ ಸುಮಾರು 50 ವಸ್ತುಗಳ ಹೆಸರು, 7 ಬಣ್ಣ, 5 ಆಕಾರಗಳನ್ನು ಗುರುತಿಸಿತು, ಆರರವರೆಗೆ ಎಣಿಸಿತು. ಎರಡು ವಸ್ತುಗಳಲ್ಲಿ ಬಣ್ಣ ಬೇರೆಯೋ ಆಕಾರ ಬೇರೆಯೋ ಎಂದರೆ ಹೇಳುತ್ತಿತ್ತು. ಏನೂ ವ್ಯತ್ಯಾಸವಿಲ್ಲದಿದ್ದರೆ ‘ಇಲ್ಲ’ ಎನ್ನುತ್ತಿತ್ತು. ಸೇಬು ಕೊಟ್ಟಾಗ ಬಾಳೆಯ ಇಂಗ್ಲಿಷ್ ಹೆಸರಿನ ಅರ್ಧಕ್ಕೆ ಚೆರಿಯ ಅರ್ಧವನ್ನು ಬೆಸೆದು ‘ಬನೆರಿ’ ಎಂದು ತಾನೇ ಒಂದು ಶಬ್ದ ಕಟ್ಟಿತು. ಒಮ್ಮೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ಯಾವ ಬಣ್ಣ ಎಂದು ಕೇಳಿತಂತೆ. ಬೂದು, ಬೂದು ಎಂದು ಆರು ಸಲ ಹೇಳಿದ ಮೇಲೆ ಆ ಬಣ್ಣ ಅದಕ್ಕೆ ಬಂತು. ಗಿಣಿಗೆ ಹೇಳಿದ ಹಾಗೆ ಹೇಳಿದೆ ಎಂದು ನಮ್ಮ ಅಮ್ಮಂದಿರು ಗೋಳಾಡುತ್ತಿದ್ದರು. ಗಿಣಿಗೆ ಆರು ಸಲ ಸಾಕಾಯಿತು! ಬೇಸರ ಬಂದಾಗ ವಾಪಸು ಗೂಡಿಗೆ ಹೋಗಬೇಕೆಂದು ಅದೇ ಕೇಳುತ್ತಿತ್ತು. 2007ರ ಸೆಪ್ಟೆಂಬರ್ 6ರಂದು ಅಲೆಕ್ಸ್ ಸತ್ತಾಗ ವಯಸ್ಸು 31. ಇದೆಲ್ಲ ಭಾಷೆಯೋ ಅಲ್ಲವೋ ಎಂಬ ವಾದ ಮುಗಿದಿಲ್ಲ. ಬರಿಯ ಗಿಣಿಪಾಠವಂತೂ ಅಲ್ಲ.

ಅಲೆಕ್ಸಿನ ಕೀರ್ತಿ ಹಬ್ಬಿದ ದಶಕಗಳಲ್ಲೇ ಕಾಡಿನ ಗಿಣಿಗಳ ಗತಿ ಕೆಟ್ಟದ್ದು ವಿಪರ್ಯಾಸ. 1975ರಿಂದ ನಾಲ್ಕು ದಶಕಗಳಲ್ಲಿ 13 ಲಕ್ಷಕ್ಕೂ ಹೆಚ್ಚು ಜೀವಂತ ಹಕ್ಕಿಗಳು ಕಾಗದಪತ್ರದ ಪ್ರಕಾರವೇ ಆಫ್ರಿಕದಿಂದ ಹೊರಗೆ ಹೋದವು. ದಾರಿಯಲ್ಲಿ, ಪೆಟ್ಟಿಗೆಗಳಲ್ಲಿ ಸತ್ತವುಗಳಿಗೆ ಕಾಗದವಿಲ್ಲ. ಜೊತೆಗೆ ಕಾಡೂ ಕಡಿದುಹೋಯಿತು. 1992ರಲ್ಲಿ ಅಮೆರಿಕ, 2005ರಲ್ಲಿ ತಾತ್ಕಾಲಿಕವಾಗಿ ಮತ್ತು 2007ರಲ್ಲಿ ಕಾಯಮ್ಮಾಗಿ ಯುರೋಪು, ಕಾಡಿನ ಹಕ್ಕಿಗಳಿಗೆ ಬಾಗಿಲು ಹಾಕಿದವು. ಘಾನಾದಲ್ಲಿ ಎರಡು ದಶಕದ ಹಿಂದೆ ತಲಾ 700ರಿಂದ 1200 ಗಿಣಿಗಳು ತಂಗುತ್ತಿದ್ದ ಮೂರು ತೋಪುಗಳಲ್ಲಿ ಸಂಶೋಧಕರು ಮತ್ತೆ ಹೋಗಿ ಕಾದು ಕುಳಿತಾಗ ಕಂಡದ್ದು ಒಟ್ಟು 18. ಪೋರ್ಚುಗೀಸರು 1482ರಲ್ಲಿ ಎಲ್ಮಿನಾ ಕೋಟೆ ಕಟ್ಟಿದ ತೀರ ಇದೇ. 2016ರಲ್ಲಿ ಜೊಹಾನ್ಸ್‌ಬರ್ಗಿನ ಸಭೆಯಲ್ಲಿ ಬೂದುಗಿಣಿಯನ್ನು ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಲಾಯಿತು. 2017ರ ಜನವರಿಯಿಂದ ಕಾಡಿನಲ್ಲಿ ಹಿಡಿದ ಹಕ್ಕಿಯ ಅಂತರರಾಷ್ಟ್ರೀಯ ವ್ಯಾಪಾರ ಸಂಪೂರ್ಣ ನಿಷಿದ್ಧ. ಪಂಜರದಲ್ಲೇ ಹುಟ್ಟಿದ ಮರಿಗಳ ವ್ಯಾಪಾರಕ್ಕೆ ಮಾತ್ರ ನಿಯಮಬದ್ಧ ಅವಕಾಶವಿದೆ. ಅದರಲ್ಲಿ ದಕ್ಷಿಣ ಆಫ್ರಿಕದ್ದೇ ದೊಡ್ಡ ಪಾಲು.

ಪಂಜರದಲ್ಲೇ ಹುಟ್ಟಿದ್ದು, ಕಾಡನ್ನು ಕಂಡೇ ಇಲ್ಲ, ಅದಕ್ಕೇನು ಕೊರತೆ ಎಂದು ಕೇಳುವವರುಂಟು. 2014ರಲ್ಲಿ ಪ್ರಕಟವಾದ ವಿಯೆನ್ನಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿದೆ. ಜೀವಕೋಶದ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿರುತ್ತದೆ. ವಯಸ್ಸಾದಂತೆ, ಒತ್ತಡ ಹೆಚ್ಚಿದಂತೆ ಅದು ಸವೆಯುತ್ತದೆ. ಜೋಡಿಯಾಗಿ ಸಾಕಿದ ಬೂದುಗಿಣಿಗಳಿಗಿಂತ ಒಂಟಿಯಾಗಿ ಸಾಕಿದವುಗಳಲ್ಲಿ ಅದು ಹೆಚ್ಚು ಸವೆದಿತ್ತು. ಒಂಟಿಗಿಣಿ ತನ್ನ ಗರಿಯನ್ನು ತಾನೇ ಕಿತ್ತುಕೊಂಡು ಎದೆ ಬೋಳು ಮಾಡಿಕೊಳ್ಳುವುದನ್ನು ಪಶುವೈದ್ಯರು ಮೊದಲಿನಿಂದಲೂ ಬಲ್ಲರು. ಅದು ನಮ್ಮ ಕಾಲಿಂಗ್ ಬೆಲ್ಲಿನಂತೆ, ಕುಕ್ಕರಿನ ಸೀಟಿಯಂತೆ ಕೂಗಿ ತೋರಿಸುವಾಗ ನಾವು ನಗುತ್ತೇವೆ. ಹಿಂಡಿನ ಕರೆ ಕೇಳದ ಹಕ್ಕಿ ಕೇಳಿಸಿದ ಕರೆಯನ್ನೇ ಕಲಿತು ಓಗೊಡುತ್ತಿದೆ, ಅಷ್ಟೆ.

ಸಾಕಿದವರ ಪ್ರೀತಿ ಸುಳ್ಳೆಂದು ನಮ್ಮ ವಾದವಲ್ಲ. 2022ರ ಜುಲೈಯಲ್ಲಿ ತುಮಕೂರಿನ ಮನೆಯೊಂದರಿಂದ ಬೂದುಗಿಣಿ ಹಾರಿಹೋದಾಗ ಮನೆಯವರು ಹುಡುಕಿಕೊಟ್ಟವರಿಗೆ 50,000 ರೂಪಾಯಿ ಬಹುಮಾನ ಸಾರಿ, ಸಿಕ್ಕಿದಾಗ 85,000 ಕೊಟ್ಟರು. ಪತ್ರಿಕೆಗಳಲ್ಲೆಲ್ಲ ಇದು ಬಂದಿತ್ತು. ದುಡ್ಡಿನ ಲೆಕ್ಕದಿಂದ ಯಾರೂ ಹಾಗೆ ಮಾಡುವುದಿಲ್ಲ.

ಕಾನೂನಿನ ಮಾತೂ ಒಂದಿಷ್ಟು. ನಮ್ಮ ಹಸುರು ಗಿಣಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಪರದೇಶದ ಬೂದುಗಿಣಿಗೆ ಬಹುಕಾಲ ಹೇಳುವವರು ಕೇಳುವವರು ಇರಲಿಲ್ಲ. 2022ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳಂತೆ ಇಂಥ ಹಕ್ಕಿ ಇರುವವರೆಲ್ಲ ಆರು ತಿಂಗಳೊಳಗೆ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕಾಯಿತು. ಮರಿ ಹುಟ್ಟಿದರೆ, ಹಕ್ಕಿ ಸತ್ತರೆ, ಕೈ ಬದಲಾದರೆ ಅದನ್ನೂ ತಿಳಿಸಬೇಕು.

ಈ ಕೊನೆಯದು ಬರಿಯ ಕಾಗದದ ಕೆಲಸವಲ್ಲ. ಚೆನ್ನಾಗಿ ನೋಡಿಕೊಂಡರೆ ಬೂದುಗಿಣಿ 40ರಿಂದ 60 ವರ್ಷ ಬಾಳುತ್ತದೆ. ಮಕ್ಕಳು ಪರದೇಶಕ್ಕೆ ಹೋದರೆಂದು, ನಿವೃತ್ತಿಯ ಮೇಲೆ ಮನೆಯಲ್ಲಿ ಮಾತಿಗೊಬ್ಬರಿಲ್ಲವೆಂದು ಅರವತ್ತರ ಪ್ರಾಯದಲ್ಲಿ ಮರಿ ತರುವವರು ನಮ್ಮ ನಗರಗಳಲ್ಲಿದ್ದಾರೆ. ಆ ಹಕ್ಕಿಯನ್ನು ಮುಂದೆ ಯಾರ ಹೆಸರಿಗೆ ಬರೆಸುವುದು ಎಂದು ಅಂಗಡಿಗೆ ಹೋಗುವ ಮೊದಲೇ ಮನೆಮಂದಿ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು.