ಜಲ್ಲಿಗೆ ಪರ್ಮಿಟ್ ಇದೆ, ಒಡೆದವನಿಗೆ ಏನಿದೆ?

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ಒಂದು ಮನೆ ಏಳಬೇಕು ಅಂದ್ರೆ ಏನೇನು ಬೇಕು? ಸೈಜುಗಲ್ಲು, ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆ, ಸಿಮೆಂಟು, ಕಂಬಿ. ಸಿಮೆಂಟ್ ಯಾವ ಕಂಪನಿಯದ್ದು ಅಂತ ಮನೆ ಯಜಮಾನ ಕೇಳ್ತಾನೆ. ಕಂಬಿ ಎಷ್ಟು ಎಂ.ಎಂ. ಅಂತ ಮೇಸ್ತ್ರಿ ನೋಡ್ತಾನೆ. ಜಲ್ಲಿ ಒಡೆದವನಿಗೆ ಈ ವಾರದ ಕೂಲಿ ಬಂತಾ ಅಂತ ಯಾರು ಕೇಳ್ತಾರೆ? ಯಾರೂ ಇಲ್ಲ.

ಇದೇನು ದೊಡ್ಡ ಪ್ರಶ್ನೆ ಅಂತ ಅನ್ನಿಸಬಹುದು. ಹಾಗಾದ್ರೆ ನಮ್ಮ ಮಂಡ್ಯ ಜಿಲ್ಲೆಯದೇ ಒಂದು ಪುಟ ತೆಗೆಯೋಣ.

2000ನೇ ಇಸವಿ. ಜಗತ್ತೆಲ್ಲ ಹೊಸ ಸಹಸ್ರಮಾನ ಅಂತ ಪಟಾಕಿ ಹೊಡೆದ ವರ್ಷ. ಬೆಂಗಳೂರು ಐಟಿ ರಾಜಧಾನಿ ಅಂತ ಬೀಗುತ್ತಿದ್ದ ವರ್ಷ. ಅದೇ ವರ್ಷ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಕಬ್ಬಿಣದ ಸರಪಳಿ ಹಾಕಿಸಿಕೊಂಡು ಕಲ್ಲು ಒಡೆಯುತ್ತಿದ್ದ ಮನುಷ್ಯರು ಸಿಕ್ಕರು. ಓಡಿಹೋಗಬಾರದು ಅಂತ ಸರಪಳಿ. ಅದನ್ನು ಬಯಲಿಗೆ ತಂದವರು ರೈತ ಸಂಘದವರು, ಕೆ.ಎಸ್. ಪುಟ್ಟಣ್ಣಯ್ಯ ಮುಂದೆ ನಿಂತಿದ್ದರು. ವಿಷಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೂ ಹೋಯ್ತು.

ಈಗ ಯೋಚನೆ ಮಾಡಿ. ಆ ಕಲ್ಲು ಅಲ್ಲೇ ಬಿದ್ದಿರಲಿಲ್ಲ. ಲಾರಿ ಹತ್ತಿತು. ಯಾವುದೋ ರಸ್ತೆಗೆ, ಯಾವುದೋ ಪಾಯಕ್ಕೆ ಹೋಯ್ತು. ಕೊಂಡವರು ದುಡ್ಡು ಕೊಟ್ಟೇ ಕೊಂಡರು. ಕಲ್ಲಿನ ಮೇಲೆ ಸರಪಳಿಯ ಗುರುತು ಇರೋದಿಲ್ಲವಲ್ಲ!

ಕಾನೂನು ಇರಲಿಲ್ವಾ ಅಂದ್ರೆ, ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿ, ಬಲವಂತದ ದುಡಿಮೆ ಎರಡನ್ನೂ ನಿಷೇಧಿಸಿದೆ. ಆದರೆ ಜೀತವನ್ನೇ ಕಿತ್ತೊಗೆಯೋ ಕೇಂದ್ರ ಕಾನೂನು ಬರೋಕೆ ಇನ್ನೂ 25 ವರ್ಷ ಹಿಡಿಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ. ಅದೇ 1976ರಲ್ಲಿ ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ತಂತು. ಸಾಲ, ಜೀತ ಎರಡೂ ಒಂದೇ ಹಗ್ಗದ ಎರಡು ತುದಿ ಅಂತ ಅರಸು ಅವರಿಗೆ ಗೊತ್ತಿತ್ತು. ಶಿವರಾಮ ಕಾರಂತರು ಇದನ್ನು 1933ರಲ್ಲೇ ‘ಚೋಮನ ದುಡಿ’ಯಲ್ಲಿ ತೋರಿಸಿದ್ದರು: ಸಾಲ ಅಪ್ಪನದು, ತೀರಿಸೋಕೆ ಕಾಫಿ ತೋಟಕ್ಕೆ ಹೋಗೋದು ಮಕ್ಕಳು.

1976ರ ಕಾಯ್ದೆಯನ್ನು ಒಂದ್ಸಲ ಓದಿ ನೋಡಿ. ಜೀತ ಅಂದ್ರೆ ಸರಪಳಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಮುಂಗಡಕ್ಕೋ ಸಾಲಕ್ಕೋ ಸಿಕ್ಕಿ, ಬೇರೆ ಕಡೆ ಕೆಲಸ ಹಿಡಿಯೋ ಸ್ವಾತಂತ್ರ್ಯ ಹೋದರೆ ಜೀತ. ಬೇಕಾದ ಕಡೆ ಓಡಾಡೋ ಹಕ್ಕು ಹೋದರೆ ಜೀತ. ತನ್ನ ದುಡಿಮೆಯನ್ನು ಮಾರುಕಟ್ಟೆ ಬೆಲೆಗೆ ಮಾರೋ ಹಕ್ಕು ಹೋದರೆ ಜೀತ. ಹೆಸರಿಗಷ್ಟೇ ಕೂಲಿ ಕೊಟ್ಟು ದುಡಿಸಿಕೊಂಡರೂ ಜೀತ. ಹಂಗರಹಳ್ಳಿಯ ಸರಪಳಿ ಕಣ್ಣಿಗೆ ಕಾಣ್ತಿತ್ತು, ಸುದ್ದಿಯಾಯ್ತು. ಮೇಸ್ತ್ರಿಯ ನೋಟ್‌ಬುಕ್ಕಿನಲ್ಲಿರೋ ಅಡ್ವಾನ್ಸ್ ಲೆಕ್ಕ ಕಣ್ಣಿಗೆ ಕಾಣಲ್ಲ.

ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ಗೆ ಕ್ರೀಡಾಂಗಣ ಕಟ್ಟಿದ ಕೂಲಿಗಳ ಪ್ರಕರಣ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪಿನ ಸಾರ ಇಷ್ಟೇ: ಹಸಿವಿನ ಒತ್ತಡದಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯೋದೂ ಬಲವಂತದ ದುಡಿಮೆಯೇ. ‘ಅವರು ಕಂಟ್ರಾಕ್ಟರ್ ಕಡೆಯವರು, ನಮಗೆ ಸಂಬಂಧ ಇಲ್ಲ’ ಅಂತ ಕೆಲಸ ಮಾಡಿಸಿಕೊಂಡ ಸರ್ಕಾರ ಜಾರಿಕೊಳ್ಳೋ ಹಾಗಿಲ್ಲ. ಮರುವರ್ಷ, 1983ರಲ್ಲಿ ಫರಿದಾಬಾದಿನ ಕಲ್ಲು ಕ್ವಾರಿಗಳ ಪ್ರಕರಣ. ಬಂಧುವಾ ಮುಕ್ತಿ ಮೋರ್ಚಾ ಬರೆದ ಒಂದು ಪತ್ರವನ್ನೇ ಕೋರ್ಟು ಅರ್ಜಿ ಅಂತ ತಗೊಂಡಿತು. ಬಲವಂತದ ದುಡಿಮೆ ಇದೆ ಅಂತ ಸಾಬೀತಾದರೆ, ಅದರ ಹಿಂದೆ ಮುಂಗಡದ ಋಣ ಇದೆ ಅಂತಲೇ ಭಾವಿಸಬೇಕು ಅಂತ ಹೇಳಿತು. ಇಷ್ಟೆಲ್ಲ ಆಗಿ 17 ವರ್ಷದ ಮೇಲೆ ಹಂಗರಹಳ್ಳಿ!

ಯಾಕೆ ಹೀಗೆ? ನಾನು ಓದಿದ್ದು ಇಂಜಿನಿಯರಿಂಗ್. ಜಲ್ಲಿ ಎಷ್ಟು ಭಾರ ತಡೆಯುತ್ತೆ, ಕಾಂಕ್ರೀಟ್ ಕ್ಯೂಬು 28 ದಿನಕ್ಕೆ ಎಷ್ಟು ಗಟ್ಟಿಯಾಗುತ್ತೆ ಅನ್ನೋದಕ್ಕೆಲ್ಲ ಟೆಸ್ಟ್ ಇದೆ. ಅದನ್ನು ಒಡೆದ ಕೈಗೆ ಟೆಸ್ಟ್ ಇಲ್ಲ. ಜಾಡು ಹಿಡಿಯೋಕೆ ಆಗಲ್ಲ ಅಂತ ಮಾತ್ರ ಹೇಳಬೇಡಿ. ಕ್ವಾರಿಯಿಂದ ಲಾರಿ ಹೊರಡಬೇಕಾದರೆ ಗಣಿ ಇಲಾಖೆಯ ಪರ್ಮಿಟ್ ಬೇಕು. ಸರ್ಕಾರಿ ಕಾಮಗಾರಿಯಲ್ಲಿ ರಾಯಲ್ಟಿ ಕಟ್ಟಿದ ಪುರಾವೆ ತೋರಿಸದಿದ್ದರೆ ಕಂಟ್ರಾಕ್ಟರ್ ಬಿಲ್ಲಲ್ಲೇ ಅದು ಕಟ್ ಆಗುತ್ತೆ. ಅಂದ್ರೆ ಒಂದೊಂದು ಟನ್ ಕಲ್ಲಿನ ಹುಟ್ಟೂರನ್ನೂ ಸರ್ಕಾರ ಕೇಳುತ್ತೆ. ತನಗೆ ಬರಬೇಕಾದ ರಾಯಲ್ಟಿಗೆ ಇರೋ ಶಿಸ್ತು ಕೂಲಿಯವನ ಸಂಬಳಕ್ಕೆ ಯಾಕಿಲ್ಲ ಸ್ವಾಮಿ?

ಹೊರದೇಶದವರೂ ಈಗ ಇದೇ ಜಾಡು ಹಿಡಿದಿದ್ದಾರೆ. ಬ್ರಿಟನ್ 2015ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂತು. 3.6 ಕೋಟಿ ಪೌಂಡ್ ಮೇಲೆ ವಹಿವಾಟು ಇರೋ ಕಂಪನಿ, ತನ್ನಲ್ಲೂ ತನಗೆ ಸರಕು ಕೊಡೋರಲ್ಲೂ ಗುಲಾಮಗಿರಿ ತಡೆಯೋಕೆ ಏನು ಮಾಡಿದ್ದೇನೆ ಅಂತ ಪ್ರತಿವರ್ಷ ಹೇಳಬೇಕು. ಆಸ್ಟ್ರೇಲಿಯಾ 2018ರಲ್ಲಿ ಅಂಥದ್ದೇ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಲಂಡನ್ನಿನ ಕಚೇರಿಯಲ್ಲಿ ಬರೆದ ಹೇಳಿಕೆ ನಮ್ಮ ಇಟ್ಟಿಗೆ ಗೂಡಿನ ಗುಡಿಸಲಿನ ತನಕ ಇಳಿದು ಬರುತ್ತಾ? ಅಷ್ಟು ದೊಡ್ಡ ಕಂಪನಿಗೂ ಈ ಕೂಲಿಯವನಿಗೂ ನಡುವೆ ಸಬ್ ಕಂಟ್ರಾಕ್ಟರ್, ಏಜೆಂಟು, ಮೇಸ್ತ್ರಿ ಅಂತ ಮೂರು ನಾಲ್ಕು ಮೆಟ್ಟಿಲು. ಜೀತ ಇರೋದು ಕೊನೇ ಮೆಟ್ಟಿಲಲ್ಲಿ.

ಮದ್ದೂರು, ಮಳವಳ್ಳಿ ಕಡೆಯವರಿಗೆ ಈ ಮೆಟ್ಟಿಲು ಹೊಸದಲ್ಲ. ಕಬ್ಬು ಕಡಿಯೋಕೆ ಹೊರಗಿನಿಂದ ಗ್ಯಾಂಗ್ ಬರುತ್ತೆ. ಆಲೆಮನೆಗೆ ಆಳು ಬರ್ತಾರೆ. ಮುಂಗಡ ಕೊಡದೆ ಯಾರೂ ಬರಲ್ಲ ಅನ್ನೋದೂ ನಿಜ. ಮುಂಗಡ ಕೊಟ್ಟವರೆಲ್ಲ ಜೀತಕ್ಕಿಟ್ಟವರು ಅಂತ ಹೇಳೋದು ತಪ್ಪು. ಆದರೆ ಫ್ಯಾಕ್ಟರಿ ಇರಲಿ, ಆಲೆಮನೆ ಇರಲಿ, ಪಂಚಾಯ್ತಿ ಕಾಮಗಾರಿ ಇರಲಿ, ದುಡ್ಡು ಕೊಡೋನು ಕೇಳಲೇಬೇಕಾದ ನಾಲ್ಕು ಪ್ರಶ್ನೆ ಇವೆ. ಮುಂಗಡ ಎಷ್ಟು, ಅದರಲ್ಲಿ ಎಷ್ಟು ತೀರಿತು ಅನ್ನೋ ಚೀಟಿ ಆಳಿನ ಕೈಯಲ್ಲಿದೆಯಾ? ಕೂಲಿ ಅವನ ಖಾತೆಗೆ ಬೀಳುತ್ತಾ, ಮೇಸ್ತ್ರಿಯ ಜೇಬಿಗಾ? ಆಧಾರ್ ಕಾರ್ಡು, ಎಟಿಎಂ ಕಾರ್ಡು ಯಾರ ಹತ್ತಿರ ಇದೆ? ಊರಲ್ಲಿ ಸಾವಾದರೆ ಇವತ್ತೇ ಬಸ್ ಹತ್ತೋಕೆ ಅವನಿಗೆ ಬಿಡ್ತಾರಾ? ಕೊನೆಯದಕ್ಕೆ ‘ಇಲ್ಲ’ ಅಂತ ಉತ್ತರ ಬಂದರೆ ಬಿಲ್ ಪಾಸ್ ಮಾಡಬೇಡಿ, ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ತಿಳಿಸಿ.

ಕಾಯ್ದೆ ಪ್ರಕಾರ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತ ಸಮಿತಿ ಇರಬೇಕು. ಅಧಿಕಾರಿ ಬಿಡುಗಡೆ ಪತ್ರ ಕೊಡಬೇಕು. ಜೀತದ ಸಾಲ ಅಲ್ಲಿಗೆ ಸತ್ತುಹೋಗುತ್ತೆ; ಅದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟವನದು. 2016ರ ಕೇಂದ್ರ ಯೋಜನೆಯಲ್ಲಿ ಗಂಡಾಳಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಪುನರ್ವಸತಿ ನೆರವು ಇಟ್ಟರು. ಜೀತಕ್ಕೆ ಇಟ್ಟುಕೊಂಡವನಿಗೆ ಶಿಕ್ಷೆ ಎಷ್ಟು ಗೊತ್ತಾ? 3 ವರ್ಷದ ತನಕ ಜೈಲು, 2,000 ರೂಪಾಯಿ ತನಕ ದಂಡ. 1976ರಲ್ಲಿ ಬರೆದ ಆ 2,000ಕ್ಕೆ ಇವತ್ತು ಒಂದು ಲೋಡ್ ಜಲ್ಲಿಯೂ ಬರಲ್ಲ.

ಹಂಗರಹಳ್ಳಿಯ ಸರಪಳಿಯನ್ನು ಕಂಡುಹಿಡಿದದ್ದು ಯಾವ ತಪಾಸಣೆಯೂ ಅಲ್ಲ, ಯಾವ ಬಿಲ್ಲೂ ಅಲ್ಲ. ಹೋಗಿ ಕಣ್ಣಾರೆ ನೋಡಿದ ಊರ ಜನ. ಪ್ರತಿಸಲ ಒಬ್ಬ ಪುಟ್ಟಣ್ಣಯ್ಯ ಬರಲಿ ಅಂತ ಕಾಯೋಕೆ ಆಗಲ್ಲ. ಕಲ್ಲಿನ ಪರ್ಮಿಟ್ ಪಕ್ಕದಲ್ಲೇ ಕೂಲಿಯ ರಸೀದಿಯನ್ನೂ ಇಡಿ, ಅದಿಲ್ಲದೆ ಬಿಲ್ ಇಲ್ಲ ಅನ್ನಿ. ಇದಕ್ಕೆ ಹೊಸ ತಂತ್ರಜ್ಞಾನ ಏನೂ ಬೇಡ. ಇನ್ನೊಂದು ಕಾಗದ ಸಾಕು.