ಒಡಿಕತ್ತಿಗೆ ಎಷ್ಟು ಚಿತ್ರ ಬೇಕು?

ಈ ಸಂಚಿಕೆ ಕೊಡಗಿನ ಒಡಿಕತ್ತಿ ಬಗ್ಗೆ. ಸರಿಯಾಗಿ ಹೇಳ್ಬೇಕಂದ್ರೆ, ಒಡಿಕತ್ತಿಯ ಚಿತ್ರಗಳ ಬಗ್ಗೆ. ನಾವು ಕೆಲವರು ಸೇರಿ ಈ ಆಯುಧದ ಮೇಲೊಂದು ಆಕರ ಗ್ರಂಥ ಮಾಡ್ತಿದ್ದೀವಿ. ಬರೆಯೋರು ಕೊಡಗಿನವರು. ಚಿತ್ರಗಳ ಪಟ್ಟಿ, ಖರ್ಚಿನ ಲೆಕ್ಕ ನನ್ನ ಪಾಲಿಗೆ. ಬಿ.ಕಾಂ ಓದಿದವನಿಗೆ ಇನ್ನೇನು ಕೊಡ್ತಾರೆ ಹೇಳಿ? ಕೈಯಲ್ಲಿರೋ ದುಡ್ಡು ಹತ್ತು ಚಿತ್ರಕ್ಕೆ ಮಾತ್ರ. ಹಾಗಾಗಿ ಯಾವುದನ್ನ ಬಿಡ್ಬೇಕು ಅನ್ನೋದೇ ದೊಡ್ಡ ಚರ್ಚೆ.

ಇದನ್ನ ಪುಸ್ತಕಕ್ಕೆ ಸೇರಿಸಿದವರಲ್ಲಿ ನಾವೇ ಮೊದಲಲ್ಲ. 1880ರಲ್ಲಿ ಎಗರ್ಟನ್ ಲಂಡನ್ನಿನ ಇಂಡಿಯಾ ಮ್ಯೂಸಿಯಂನ ಆಯುಧಗಳನ್ನ ಪಟ್ಟಿ ಮಾಡಿ ಸಚಿತ್ರ ಕೈಪಿಡಿ ತಂದ. 1934ರಲ್ಲಿ ಅಮೆರಿಕದ ಸ್ಟೋನ್ ಜಗತ್ತಿನ ಆಯುಧಗಳ ದೊಡ್ಡ ಕೋಶ ಮಾಡಿದ. ಅದರಲ್ಲಿ ನಮ್ಮ ಕತ್ತಿ 'ಆಯ್ದ ಕತ್ತಿ' ಅನ್ನೋ ಹೆಸರಲ್ಲಿದೆ. ಅವು ಮ್ಯೂಸಿಯಂಗೆ, ಸಂಗ್ರಹಕಾರರಿಗೆ ಮಾಡಿದ ಪುಸ್ತಕಗಳು. ಅವರಿಗೆ ಬೇಕಿದ್ದದ್ದು ವಸ್ತು. ನಮಗೆ ಅದನ್ನ ಕಟ್ಟಿಕೊಳ್ಳೋ ಮನುಷ್ಯನೂ ಬೇಕು.

ಮೊದಲು ಅಲಗು. ಅಗಲವಾಗಿ, ಭಾರವಾಗಿ, ಮುಂದಕ್ಕೆ ಬಾಗಿರುತ್ತೆ. ಸಿನಿಮಾ ಖಡ್ಗ ನೋಡಿದ ಕಣ್ಣಿಗೆ ಹೊರಬಾಗೇ ಹರಿತ ಅನ್ಸುತ್ತೆ. ಇಲ್ಲಿ ಹರಿತ ಇರೋದು ಒಳಬಾಗಿನಲ್ಲಿ. ಪಕ್ಕದಿಂದ ಬರೆದ ಒಂದೇ ಚಿತ್ರದಲ್ಲಿ ಇದು ಗೊತ್ತಾಗಲ್ಲ. ಅಲಗನ್ನ ಅಡ್ಡಕ್ಕೆ ಸೀಳಿದರೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ತೋರಿಸೋ ಇನ್ನೊಂದು ಚಿತ್ರ ಬೇಕೇ ಬೇಕು.

ಆಮೇಲೆ ತೊಡಂಗ್. ಒಡಿಕತ್ತಿಗೆ ಒರೆ ಇಲ್ಲ. ಸೊಂಟಪಟ್ಟಿಯ ಹಿಂಭಾಗದಲ್ಲಿ ತೊಡಂಗ್ ಅನ್ನೋ ಹಿತ್ತಾಳೆ ಕೊಂಡಿ ಇರುತ್ತೆ, ಬೆತ್ತಲೆ ಅಲಗು ಅದರೊಳಗೆ ಕೂರುತ್ತೆ. ಮುಂದುಗಡೆ ಕೆಂಪು ರೇಷ್ಮೆ ಚೇಲೆಗೆ ಸಿಕ್ಕಿಸೋದು ಬೇರೆ, ಅದು ಪೀಚೆಕತ್ತಿ. ಮದುವೆ ಫೋಟೊಗಳಲ್ಲಿ ಎದ್ದು ಕಾಣೋದು ಇದೇ. ಒಡಿಕತ್ತಿ ಬೆನ್ನ ಹಿಂದೆ ಉಳಿಯುತ್ತೆ. ಅದಕ್ಕೇ ಬೆನ್ನು ಕಾಣೋ ಹಾಗೆ ಒಂದು, ಕೈ ಹಿಂದಕ್ಕೆ ಹೋಗಿ ಕತ್ತಿ ಎಳೆಯೋದು ಒಂದು, ಹೀಗೆ ಎರಡು ಚಿತ್ರ ಇಟ್ಟಿದ್ದೀವಿ.

ಇನ್ನು ಕಾಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕಂಪನಿ ಕೊಡಗನ್ನ ತಗೊಳ್ತು. 1857ರ ದಂಗೆ ಆದ್ಮೇಲೆ ಜನರಿಂದ ಆಯುಧ ಕಿತ್ತುಕೊಳ್ಳೋ ಕಾನೂನು ಬಂತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟ. ಯುದ್ಧ ನಿಂತರೂ ಕತ್ತಿ ಮನೆಯಲ್ಲೇ ಉಳೀತು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್‌ನಲ್ಲಿ ತೋಕ್‌ಪೂ ಮುಡಿಸಿ ಆಯುಧಗಳಿಗೆ ಪೂಜೆ ಮಾಡ್ತಾರೆ. ಮದುವೆಯಲ್ಲಿ ನೆಟ್ಟ ಬಾಳೆಕಂಬಗಳನ್ನ ಒಡಿಕತ್ತಿಯಿಂದಲೇ ಕಡೀತಾರೆ. ರಣರಂಗದ ಕಲ್ಪನೆಯ ಚಿತ್ರ ಬಿಟ್ಟು ಆ ಜಾಗವನ್ನ ಬಾಳೆ ಕಡಿಯೋದಕ್ಕೆ ಕೊಡೋಣ ಅಂತ ನಾನು ವಾದಿಸಿದೆ. ಯಾಕಂದ್ರೆ ಅದನ್ನ ನೋಡಿ ಬರೀಬಹುದು, ಊಹೆ ಬೇಕಾಗಿಲ್ಲ.

ಕಷ್ಟದ ಪ್ರಶ್ನೆ ಇನ್ನೊಂದಿದೆ. ಒಳ್ಳೊಳ್ಳೆ ಕತ್ತಿಗಳು ಐನ್‌ಮನೆಗಳಲ್ಲಿವೆ, ತಲೆಮಾರುಗಳಿಂದ. ಪುಸ್ತಕ ನೋಡಿ ಹಳೆ ಸಾಮಾನು ಕೊಳ್ಳೋರು ಬಾಗಿಲಿಗೆ ಬಂದ್ರೆ ಏನ್ಮಾಡೋದು ಅಂತ ಒಬ್ಬ ಹಿರಿಯರು ಕೇಳಿದ್ರು. ನ್ಯಾಯವಾದ ಭಯ. ಆದ್ರೆ ಯಾವ ಮನೆಯ ಕತ್ತಿ ಅಂತ ಹೇಳದಿದ್ರೆ ಆಕರ ಗ್ರಂಥಕ್ಕೆ ಅಷ್ಟು ತೂಕ ಕಡಿಮೆ.

ನಾವು ಒಪ್ಪಿಕೊಂಡಿದ್ದು ಇಷ್ಟು: ಅಳತೆ ನಿಖರವಾಗಿರಲಿ, ಗುರುತು ಹಿಡಿಯುವಂಥ ಅಲಂಕಾರ ಬೇಡ, ಮನೆತನದ ಹೆಸರು ಅವರು ಒಪ್ಪಿದರೆ ಮಾತ್ರ. ಅಲ್ಲೇ ಫೋಟೊಗಿಂತ ಗೆರೆಚಿತ್ರ ಮೇಲು. ಆಕಾರ ಹೇಳುತ್ತೆ, ವಿಳಾಸ ಹೇಳಲ್ಲ.

ನಿಮ್ಮ ಮನೆಯಲ್ಲೂ ಅಜ್ಜನ ಕಾಲದ ಕತ್ತಿಯೋ ಕುಡುಗೋಲೋ ಇದ್ರೆ ಫೋಟೊ ಹಾಕೋ ಮುಂಚೆ ಅದನ್ನ ಹೇಗೆ ಹಿಡೀತಿದ್ರು ಅಂತ ಮನೆಯವರನ್ನ ಕೇಳಿ ಬರೆದಿಡಿ. ಕಬ್ಬಿಣ ಉಳಿಯುತ್ತೆ, ಹಿಡಿಯೋ ರೀತಿ ಮರೆತುಹೋಗುತ್ತೆ. ಮುಂದಿನ ವಾರ ಸಿಗೋಣ.